ಎದುರು ಕುರ್ಚಿಯಲ್ಲಿ ಯಾರು?

1993ರ ಜೂನ್ ಮೊದಲ ವಾರ. ಬಿಬಿಸಿಯ ‘ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯೂ’ ಎಂಬ ಸುದ್ದಿ-ಹಾಸ್ಯ ಕಾರ್ಯಕ್ರಮಕ್ಕೆ ಬರಬೇಕಿದ್ದ ರಾಜಕಾರಣಿ ಕೈಕೊಟ್ಟರು. ಹೆಸರು ರಾಯ್ ಹ್ಯಾಟರ್ಸ್‌ಲಿ, ಲೇಬರ್ ಪಕ್ಷದ ಉಪನಾಯಕರಾಗಿದ್ದವರು. ಬರುತ್ತೇನೆ ಎಂದು ಒಪ್ಪಿಕೊಂಡು ಕೊನೇ ಗಳಿಗೆಯಲ್ಲಿ ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದು ಅದು ಮೂರನೇ ಸಲ. ಕಾರ್ಯಕ್ರಮದವರು ಬದಲಿ ಅತಿಥಿಯನ್ನು ಹುಡುಕುವ ಗೋಜಿಗೇ ಹೋಗಲಿಲ್ಲ. ಆ ಜಾಗದಲ್ಲಿ ಮೇಜಿನ ಮೇಲೆ ಒಂದು ಡಬ್ಬ ಹಂದಿಕೊಬ್ಬು ತಂದಿಟ್ಟರು. ಇಬ್ಬರ ಗುಣವೂ ಹೆಚ್ಚುಕಮ್ಮಿ ಒಂದೇ, ಆಟವೂ ಅಷ್ಟರಮಟ್ಟಿಗೇ ಇದ್ದೀತು ಎಂಬರ್ಥದ ಮಾತಾಡಿ ನಿರೂಪಕ ಆಂಗಸ್ ಡೇಟನ್ ಆಟ ಶುರುಮಾಡಿದರು. ಡಬ್ಬಕ್ಕೆ ‘ಗೌರವಾನ್ವಿತ ಸಂಸದರು’ ಎಂಬ ಬಿರುದೂ ಸಿಕ್ಕಿತು. ಅರ್ಧ ಗಂಟೆ ಅದು ಅಲ್ಲೇ ಕುಳಿತಿತ್ತು, ಒಂದು ಮಾತೂ ಆಡದೆ.

ನಮ್ಮಲ್ಲಾಗಿದ್ದರೆ ಡಾಲ್ಡಾ ಡಬ್ಬ ಇಡಬಹುದಿತ್ತು ಎಂದು ಆ ತುಣುಕು ನೋಡಿದಾಗೆಲ್ಲ ಅನ್ನಿಸುತ್ತದೆ. ಹಳದಿ ಬಣ್ಣ, ಹಸಿರು ತೆಂಗಿನ ಮರದ ಚಿತ್ರ. ಅದರ ಮುಂದೊಂದು ನಾಮಫಲಕ, ಪಕ್ಕದಲ್ಲಿ ಒಂದು ಹಾರ. ಆದರೆ ಇಟ್ಟ ಮಾರನೇ ದಿನ ಸ್ಟುಡಿಯೋದ ಗಾಜು ಉಳಿಯುತ್ತಿತ್ತೇ? ಅದು ಬೇರೆ ಮಾತು, ಆಮೇಲೆ ಬರುತ್ತೇನೆ.

ರಾಜಕೀಯ ಹಾಸ್ಯದ ಟಾಕ್ ಶೋ ಎಂದರೆ ಎಲ್ಲರೂ ನಿರೂಪಕನ ಬಗ್ಗೆಯೇ ಮಾತಾಡುತ್ತಾರೆ. ಯಾರು ಎಷ್ಟು ಚೂಪು, ಯಾವ ಪಕ್ಷದ ಕಡೆ ವಾಲಿದವರು, ನಿನ್ನೆ ಯಾವ ಚಟಾಕಿ ಹಾರಿಸಿದರು. ವರ್ಷಗಟ್ಟಲೆ ಇಂಥವನ್ನು ನಿದ್ದೆಗೆಟ್ಟು ನೋಡಿದ ನನಗೆ ಈಗ ನಿರೂಪಕನ ಮೇಲೆ ಅಷ್ಟು ಆಸಕ್ತಿ ಉಳಿದಿಲ್ಲ. ಚಟಾಕಿ ಬರೆದುಕೊಡಲು ಹಿಂದೆ ಹತ್ತು ಮಂದಿ ಇರುತ್ತಾರೆ. ನನ್ನ ಕಣ್ಣು ಹೋಗುವುದು ಎದುರು ಕುರ್ಚಿಯ ಕಡೆಗೆ. ಅಲ್ಲಿ ಯಾರು ಕುಳಿತಿದ್ದಾರೆ, ತಿರುಗಿ ಮಾತಾಡುವ ತಾಕತ್ತು ಅವರಿಗಿದೆಯೇ, ಅವರು ಮಾತಾಡುವಾಗ ನಿರೂಪಕ ಬಾಯಿ ಮುಚ್ಚಿಕೊಂಡಿರುತ್ತಾನೆಯೇ? ಕಾರ್ಯಕ್ರಮದ ಹಣೆಬರಹ ಇರುವುದು ಅಲ್ಲಿ.

ಕಾಕತಾಳೀಯವೋ ಏನೋ, ಅದೇ 1993ರಲ್ಲಿ ಇನ್ನೆರಡು ಕಡೆ ಇಂಥದೇ ಕುರ್ಚಿ ಹಾಕಲಾಯಿತು. ಒಂದು ನಮ್ಮ ದೇಶದಲ್ಲೇ. ಜೀ ಟಿವಿಯಲ್ಲಿ ರಜತ್ ಶರ್ಮಾ ‘ಆಪ್ ಕೀ ಅದಾಲತ್’ ಆರಂಭಿಸಿ ರಾಜಕಾರಣಿಗಳನ್ನು ಕಟಕಟೆಗೆ ಹತ್ತಿಸಿದರು. ಮೊದಲಿಗರು ಲಾಲೂ ಪ್ರಸಾದ್ ಯಾದವ್. ಅದನ್ನು ಹಾಸ್ಯ ಕಾರ್ಯಕ್ರಮ ಎಂದು ಯಾರೂ ಕರೆದಿರಲಿಲ್ಲ. ಆದರೆ ಲಾಲೂ ಕಟಕಟೆಯಲ್ಲಿ ನಿಂತರೆ ನ್ಯಾಯಾಧೀಶರ ಜಾಗದಲ್ಲಿದ್ದವರಿಗೂ ನಗು ತಡೆಯುವುದು ಕಷ್ಟ.

ಇನ್ನೊಂದು ಅಮೆರಿಕದ್ದು. ಬಿಲ್ ಮಾಹೆರ್ ಎಂಬ ಹಾಸ್ಯಗಾರ ಕಾಮಿಡಿ ಸೆಂಟ್ರಲ್ ಚಾನೆಲ್ಲಿನಲ್ಲಿ ‘ಪೊಲಿಟಿಕಲಿ ಇನ್‌ಕರೆಕ್ಟ್’ ಶುರುಮಾಡಿದರು. ಏರ್ಪಾಡು ಸರಳ: ಮೊದಲು ನಿಂತು ನಾಲ್ಕು ನಗೆಮಾತು, ಆಮೇಲೆ ಸುತ್ತ ನಾಲ್ಕು ಕುರ್ಚಿ. ಒಂದರಲ್ಲಿ ಸಂಸದ, ಪಕ್ಕದಲ್ಲಿ ರಾಕ್ ಹಾಡುಗಾರ, ಆಚೆ ಧಾರಾವಾಹಿಯ ನಟಿ, ಇನ್ನೊಂದರಲ್ಲಿ ಪುಸ್ತಕ ಬರೆದವರು. ವಿಷಯ ತಜ್ಞರೇ ಇರಬೇಕೆಂಬ ನಿಯಮವಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಯಾರು ಬಂದು ಕೂರುತ್ತಾರೋ ಅವರೊಡನೆ ರಾಜಕೀಯ ಮಾತಾಡಿದ ಹಾಗೆ. 1997ರಲ್ಲಿ ಎಬಿಸಿ ಅದನ್ನು ತನ್ನ ತಡರಾತ್ರಿಗೆ ಎತ್ತಿಕೊಂಡಿತು.

ನಮ್ಮ ಕರಾವಳಿ, ಮಲೆನಾಡಿನವರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದವರು ಎದುರುಬದುರು ಕೂರುತ್ತಾರೆ; ಭಾಗವತರು ಪದ ಮುಗಿಸಿದ್ದೇ ಅರ್ಥ ಶುರು. ಮಾತು ಬರೆದಿಟ್ಟದ್ದಲ್ಲ, ಬಾಯಿಪಾಠ ಮಾಡಿದ್ದಲ್ಲ. ‘ವಾಲಿವಧೆ’ಯಲ್ಲಿ ವಾಲಿ ಸಾಯುವುದು ಎಲ್ಲರಿಗೂ ಗೊತ್ತು, ಪ್ರಸಂಗವೇ ಹಾಗಿದೆ. ಆದರೆ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು ಕೇಳತೊಡಗಿದರೆ ರಾಮನ ಪಾತ್ರಧಾರಿ ಬೆವರಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕುಳಿತರೆ ರಾಮನಿಗೆ ಅದು ಸುಲಭದ ರಾತ್ರಿಯಲ್ಲ. ಸೋತವನ ಪ್ರಶ್ನೆಯನ್ನೇ ಜನ ಬೆಳಗಿನ ಕಾಫಿಯವರೆಗೆ ಹೊತ್ತು ತರುತ್ತಿದ್ದರು. ಎದುರಾಳಿ ಸಪ್ಪೆಯಾದರೆ ಕೂಟವೇ ಸಪ್ಪೆ ಎಂಬುದು ಅಲ್ಲಿಯ ಅರ್ಥಧಾರಿಗಳಿಗೆ ಗೊತ್ತು. ಟಿವಿಯಲ್ಲಿ ಇದು ಎಲ್ಲರಿಗೂ ಗೊತ್ತಿಲ್ಲ, ಗೊತ್ತಿದ್ದವರಿಗೂ ಎಲ್ಲ ದಿನ ನೆನಪಿರುವುದಿಲ್ಲ.

ಮಾಹೆರ್ ಅವರನ್ನೇ ತೆಗೆದುಕೊಳ್ಳಿ. 2003ರ ಫೆಬ್ರುವರಿಯಿಂದ ಎಚ್‌ಬಿಒದಲ್ಲಿ ಅವರ ‘ರಿಯಲ್ ಟೈಮ್’ ನಡೆಯುತ್ತಿದೆ. ಶುಕ್ರವಾರ ರಾತ್ರಿ, ಲಾಸ್ ಏಂಜಲಿಸ್‌ನಿಂದ. ನಿಂತು ಹೇಳುವ ನಗೆಮಾತು, ಒಬ್ಬರ ಸಂದರ್ಶನ, ನಂತರ ಮೇಜಿನ ಸುತ್ತ ಚರ್ಚೆ, ಕೊನೆಗೆ ‘ನ್ಯೂ ರೂಲ್ಸ್’ ಎಂಬ ಹೆಸರಿನ ಸಂಪಾದಕೀಯದಂಥ ಭಾಗ. ಮೊದಲು ಮೇಜಿಗೆ ಮೂವರಿರುತ್ತಿದ್ದರು, ಈಗ ಇಬ್ಬರು. ಜಾಹೀರಾತಿನ ಕಾಟವಿಲ್ಲದ ಚಾನೆಲ್ ಆದ್ದರಿಂದ ಮಾತು ನಡುವೆ ತುಂಡಾಗುವುದಿಲ್ಲ. ಅದೇ ಅದರ ಜೀವಾಳ. ಚೆನ್ನಾಗಿ ಹತ್ತಿಕೊಂಡ ದಿನ ಇಷ್ಟು ಕಾವಿನ ಮಾತು ಅಮೆರಿಕದ ಟಿವಿಯಲ್ಲಿ ಬೇರೆಡೆ ಸಿಗುವುದು ಅಪರೂಪ.

2014ರ ಅಕ್ಟೋಬರಿನಲ್ಲಿ ಹಾಗೆ ಹತ್ತಿಕೊಂಡಿತ್ತು. ಲೇಖಕ ಸ್ಯಾಮ್ ಹ್ಯಾರಿಸ್ ಜೊತೆ ಸೇರಿ ಮಾಹೆರ್ ಇಸ್ಲಾಂ ಧರ್ಮವನ್ನು ಕಟುವಾಗಿ ಟೀಕಿಸುತ್ತಿದ್ದಾಗ, ಹೊಸ ಸಿನಿಮಾದ ಪ್ರಚಾರಕ್ಕೆ ಬಂದಿದ್ದ ನಟ ಬೆನ್ ಅಫ್ಲೆಕ್ ಸಿಟ್ಟಾದರು. ಇದು ಜನಾಂಗದ್ವೇಷದ ಮಾತು ಎಂದು ನೇರವಾಗಿ ಹೇಳಿಬಿಟ್ಟರು. ಪತ್ರಕರ್ತ ನಿಕೊಲಸ್ ಕ್ರಿಸ್ಟಾಫ್, ರಿಪಬ್ಲಿಕನ್ ಪಕ್ಷದ ಮೈಕಲ್ ಸ್ಟೀಲ್ ಕೂಡ ಮಾತಿಗಿಳಿದರು. ಯಾರು ಗೆದ್ದರೆಂದು ಜಗತ್ತೆಲ್ಲ ಎರಡು ಪಕ್ಷವಾಗಿ ವಾರಗಟ್ಟಲೆ ಜಗಳವಾಡಿತು. ನನಗೆ ಆ ಮೇಜಿನಲ್ಲಿ ಎದ್ದು ಕಂಡದ್ದು ಬೇರೆ. ಐದು ಜನ ಕುಳಿತು ಮುಸ್ಲಿಮರ ಬಗ್ಗೆ ಅಷ್ಟು ಹೊತ್ತು ವಾದಿಸಿದರು. ಐವರಲ್ಲಿ ಒಬ್ಬ ಮುಸ್ಲಿಮನೂ ಇರಲಿಲ್ಲ. ವಾಲಿಯನ್ನು ಕರೆಯದೆ ವಾಲಿವಧೆ ಆಡಿದ ಹಾಗಾಯಿತು.

ಹಾಗೆಂದು ಮಾಹೆರ್ ಬೆಲೆ ತೆತ್ತಿಲ್ಲ ಎನ್ನಲಾಗದು. 2001ರ ಸೆಪ್ಟೆಂಬರ್ 11ರಂದು ಪೆಂಟಗನ್ ಮೇಲೆ ಬಿದ್ದ ವಿಮಾನದಲ್ಲಿ ಬಾರ್ಬರಾ ಓಲ್ಸನ್ ಎಂಬ ಟಿವಿ ವಿಶ್ಲೇಷಕಿ ಇದ್ದರು. ಬಲಪಂಥೀಯ ನಿಲುವಿನವರು, ಸರಕಾರದ ಉನ್ನತ ವಕೀಲ ಥಿಯೊಡೋರ್ ಓಲ್ಸನ್ ಅವರ ಹೆಂಡತಿ. ಹಿಂದಿನ ದಿನವೇ ಹೊರಡಬೇಕಾಗಿತ್ತು. 11ರಂದು ಗಂಡನ ಹುಟ್ಟುಹಬ್ಬ, ಬೆಳಗ್ಗೆ ಅವರ ಜೊತೆಗಿದ್ದು ಹೋಗೋಣವೆಂದು ಉಳಿದರು. ಅವರು ಹೊರಟಿದ್ದು ಲಾಸ್ ಏಂಜಲಿಸ್‌ಗೆ, ಮಾಹೆರ್ ಅವರ ‘ಪೊಲಿಟಿಕಲಿ ಇನ್‌ಕರೆಕ್ಟ್’ಗೆ ಅತಿಥಿಯಾಗಿ.

ಕಾರ್ಯಕ್ರಮ ಮತ್ತೆ ಶುರುವಾದದ್ದು ಸೆಪ್ಟೆಂಬರ್ 17ಕ್ಕೆ. ಓಲ್ಸನ್ ನೆನಪಿಗೆ ಒಂದು ಕುರ್ಚಿಯನ್ನು ಖಾಲಿ ಬಿಟ್ಟಿದ್ದರು. ಆ ಖಾಲಿ ಕುರ್ಚಿಯ ಪಕ್ಕದಲ್ಲೇ ಆ ರಾತ್ರಿಯ ಮಾತು ನಡೆಯಿತು. ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬಲಪಂಥೀಯ ಬರಹಗಾರರಾಗಿ ಹೆಸರಾದ ದಿನೇಶ್ ಡಿಸೋಜ ಅತಿಥಿಗಳಲ್ಲೊಬ್ಬರು. ವಿಮಾನ ಅಪಹರಿಸಿದವರನ್ನು ಅಧ್ಯಕ್ಷರು ಹೇಡಿಗಳೆಂದು ಕರೆದದ್ದು ಸರಿಯಲ್ಲ, ಅವರು ಸಾಯಲು ಸಿದ್ಧರಾಗಿಯೇ ಬಂದವರು ಎಂದು ಡಿಸೋಜ ಹೇಳಿದರು. ಮಾಹೆರ್ ಹೌದೆಂದು ತಲೆದೂಗಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಎರಡು ಸಾವಿರ ಮೈಲಿ ದೂರದಿಂದ ಕ್ಷಿಪಣಿ ಎಸೆಯುವ ನಾವೇ ಹೇಡಿಗಳು ಎಂಬರ್ಥದ ಮಾತಾಡಿದರು. ಅವಶೇಷಗಳಡಿಯಲ್ಲಿ ಇನ್ನೂ ಹೆಣ ಹುಡುಕುತ್ತಿದ್ದ ವಾರ ಅದು. ಫೆಡೆಕ್ಸ್, ಸಿಯರ್ಸ್ ಕಂಪನಿಗಳು ಜಾಹೀರಾತು ಹಿಂತೆಗೆದುಕೊಂಡವು. ಕೆಲವು ಸ್ಥಳೀಯ ಕೇಂದ್ರಗಳು ಪ್ರಸಾರ ನಿಲ್ಲಿಸಿದವು. ಶ್ವೇತಭವನದ ವಕ್ತಾರ ಆರಿ ಫ್ಲೈಷರ್ ಪತ್ರಕರ್ತರ ಮುಂದೆ, ಜನ ತಾವು ಏನು ಹೇಳುತ್ತೇವೆ ಎಂಬುದರ ಮೇಲೆ ನಿಗಾ ಇಟ್ಟುಕೊಳ್ಳಬೇಕು ಎಂದರು. ಮಾಹೆರ್ ಕ್ಷಮೆ ಕೇಳಿದರು, ವಿವರಣೆ ಕೊಟ್ಟರು. 2002ರ ಬೇಸಿಗೆಗೆ ಎಬಿಸಿ ಅಂಗಡಿ ಮುಚ್ಚಿಸಿತು.

ಗಮನಿಸಿ, ಮೊದಲು ಆ ಮಾತು ತೆಗೆದದ್ದು ಅತಿಥಿ. ಕೆಲಸ ಹೋದದ್ದು ಆತಿಥೇಯರದ್ದು.

ಆ ತಡರಾತ್ರಿಯ ಜಾಗಕ್ಕೆ 2003ರಲ್ಲಿ ಎಬಿಸಿ ತಂದು ಕೂರಿಸಿದ್ದು ಜಿಮ್ಮಿ ಕಿಮ್ಮೆಲ್ ಅವರನ್ನು. ಬಲಪಂಥೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಕೊಲೆಯ ನಂತರ ಆಡಿದ ಮಾತಿಗಾಗಿ ಕಿಮ್ಮೆಲ್ ಕಾರ್ಯಕ್ರಮವನ್ನು ಅದೇ ಎಬಿಸಿ ತಡೆಹಿಡಿಯಿತು. ತಾರೀಕು 2025ರ ಸೆಪ್ಟೆಂಬರ್ 17. ಇಪ್ಪತ್ತನಾಲ್ಕು ವರ್ಷದ ಹಿಂದೆ ಮಾಹೆರ್ ಆ ಮಾತಾಡಿದ್ದೂ ಅದೇ ತಾರೀಕಿಗೆ, ಅದೇ ಚಾನೆಲ್ಲಿನಲ್ಲಿ. ಪಂಚಾಂಗ ನಂಬುವವರಿಗೆ ಇದರಲ್ಲಿ ಕೆಲಸವಿದೆ. ಪ್ರಸಾರ ನಿಯಂತ್ರಣ ಆಯೋಗದ ಅಧ್ಯಕ್ಷರು ಎಚ್ಚರಿಕೆ ಕೊಟ್ಟ ದಿನವೇ ಈ ತೀರ್ಮಾನ ಬಂದಿತ್ತು. ವೀಕ್ಷಕರು, ಕಲಾವಿದರು ರೊಚ್ಚಿಗೆದ್ದ ಮೇಲೆ ವಾರ ಕಳೆಯುವುದರೊಳಗೆ ಕಿಮ್ಮೆಲ್ ಮರಳಿದರು. ಅದಕ್ಕೂ ಮುಂಚೆ, ಅದೇ ಜುಲೈನಲ್ಲಿ, ಸ್ಟೀಫನ್ ಕೋಲ್ಬೇರ್ ಅವರ ‘ಲೇಟ್ ಶೋ’ವನ್ನು 2026ರ ಮೇ ತಿಂಗಳಿಗೆ ಮುಗಿಸುವುದಾಗಿ ಸಿಬಿಎಸ್ ಪ್ರಕಟಿಸಿತ್ತು. ಹಣಕಾಸಿನ ಕಾರಣ ಎಂದಿತು ಕಂಪನಿ. ನಂಬಿದವರಿಗಿಂತ ನಕ್ಕವರೇ ಹೆಚ್ಚು.

ಕೋಲ್ಬೇರ್ ಹೆಸರು ಬಂದಾಗ ನನಗೆ ನೆನಪಾಗುವುದು ಲೇಟ್ ಶೋ ಅಲ್ಲ, ಅದಕ್ಕಿಂತ ಹಿಂದಿನ ‘ಕೋಲ್ಬೇರ್ ರಿಪೋರ್ಟ್’. ಅದರಲ್ಲಿ ಅವರು ಅವಿವೇಕಿ ಬಲಪಂಥೀಯ ನಿರೂಪಕನ ವೇಷ ಹಾಕಿ, ಪಾತ್ರ ಬಿಡದೆ ಸಂಸದರನ್ನು ಮಾತಾಡಿಸುತ್ತಿದ್ದರು. 2006ರಲ್ಲಿ ಜಾರ್ಜಿಯಾದ ಸಂಸದ ಲಿನ್ ವೆಸ್ಟ್‌ಮೋರ್ಲೆಂಡ್ ಎದುರು ಕುಳಿತಿದ್ದರು. ಬೈಬಲ್ಲಿನ ಹತ್ತು ಕಟ್ಟಳೆಗಳನ್ನು ಸಂಸತ್ ಭವನದಲ್ಲಿ ಪ್ರದರ್ಶಿಸಬೇಕೆಂಬ ಮಸೂದೆಗೆ ಸಹಿ ಹಾಕಿದ್ದವರು. ಮಸೂದೆಯನ್ನು ಹೊಗಳಿದ ಕೋಲ್ಬೇರ್, ಆ ಹತ್ತು ಯಾವುವು ಎಂದು ತಣ್ಣಗೆ ಕೇಳಿದರು. ಸಂಸದರು ಹೇಳುತ್ತಾ ಹೊರಟು ಮೂರಕ್ಕೆ ನಿಂತರು. ಕೋಲ್ಬೇರ್ ನಗಲಿಲ್ಲ, ಅಡ್ಡಬಾಯಿ ಹಾಕಲಿಲ್ಲ, ಸುಮ್ಮನೆ ಕಾದರು. ಆ ಕಾಯುವಿಕೆಯೇ ಇಡೀ ಹಾಸ್ಯ. ಇಂಥದ್ದು ಒಂದೆರಡು ಆದ ಮೇಲೆ ಡೆಮಾಕ್ರಟಿಕ್ ನಾಯಕಿ ನ್ಯಾನ್ಸಿ ಪೆಲೋಸಿ ತಮ್ಮ ಪಕ್ಷದ ಸಂಸದರಿಗೆ ಅಲ್ಲಿಗೆ ಹೋಗಬೇಡಿ ಎಂದು ಬುದ್ಧಿ ಹೇಳಿದರು. ಎರಡೂ ಪಕ್ಷದವರಿಗೆ ಅಂಜಿಕೆ ಹುಟ್ಟಿಸಿದ ಕುರ್ಚಿ ಅದು.

ಅತಿಥಿಯೇ ಆತಿಥೇಯರ ಮನೆಯ ಗಳ ಹಿರಿದದ್ದೂ ಉಂಟು. ಸಿಎನ್‌ಎನ್‌ನಲ್ಲಿ 1982ರಿಂದ ನಡೆಯುತ್ತಿದ್ದ ‘ಕ್ರಾಸ್‌ಫೈರ್’ನಲ್ಲಿ ಎಡದವರೊಬ್ಬರು ಬಲದವರೊಬ್ಬರು ಕುಳಿತು ಪರಸ್ಪರ ಕೂಗಾಡುವುದು ವಾಡಿಕೆ. ಅಲ್ಲಿಗೆ 2004ರ ಅಕ್ಟೋಬರ್ 15ರಂದು ಸುದ್ದಿ-ಹಾಸ್ಯ ಕಾರ್ಯಕ್ರಮ ‘ಡೈಲಿ ಶೋ’ದ ಜಾನ್ ಸ್ಟುವರ್ಟ್ ತಮ್ಮ ಪುಸ್ತಕದ ಪ್ರಚಾರಕ್ಕೆಂದು ಹೋದರು. ತಮಾಷೆ ಮಾಡಿ ಹೋಗುತ್ತಾರೆ ಎಂದು ನಿರೂಪಕರು ಕಾದಿದ್ದರೆ, ಅವರು ನೀವು ಮಾಡುತ್ತಿರುವುದು ಚರ್ಚೆಯಲ್ಲ, ನಾಟಕ, ಇದರಿಂದ ದೇಶಕ್ಕೆ ಕೇಡಾಗುತ್ತಿದೆ, ದಯವಿಟ್ಟು ನಿಲ್ಲಿಸಿ ಎಂದು ಅಂಗಲಾಚುವವರಂತೆ ಹೇಳತೊಡಗಿದರು. ಬೋ-ಟೈ ಕಟ್ಟಿದ್ದ ಟಕರ್ ಕಾರ್ಲ್‌ಸನ್, ನಿಮ್ಮ ಕಾರ್ಯಕ್ರಮಕ್ಕೆ ಬಂದಿದ್ದ ಅಧ್ಯಕ್ಷ ಅಭ್ಯರ್ಥಿ ಜಾನ್ ಕೆರಿಗೆ ನೀವೇನು ಕಠಿಣ ಪ್ರಶ್ನೆ ಕೇಳಿದಿರಾ ಎಂದು ಪಟ್ಟು ಹಾಕಿದರು. ನನ್ನ ಕಾರ್ಯಕ್ರಮಕ್ಕೆ ಮೊದಲು ಬರುವುದು ಗೊಂಬೆಗಳು ಫೋನ್ ಮಾಡಿ ಚೇಷ್ಟೆ ಮಾಡುವ ಕಾರ್ಯಕ್ರಮ ಎಂದು ಸ್ಟುವರ್ಟ್ ನುಣುಚಿಕೊಂಡರು. ಜನ ಚಪ್ಪಾಳೆ ಹೊಡೆದರು. ಮೂರು ತಿಂಗಳಲ್ಲಿ ಸಿಎನ್‌ಎನ್ ಕ್ರಾಸ್‌ಫೈರನ್ನು ನಿಲ್ಲಿಸುವುದಾಗಿ ಹೇಳಿತು. ಸ್ಟುವರ್ಟ್ ಮಾತಿನಲ್ಲಿ ಹುರುಳಿದೆ ಎಂದು ಅದರ ಮುಖ್ಯಸ್ಥರೇ ಒಪ್ಪಿಕೊಂಡರು.

ಆ ದಿನ ನಾನೂ ಚಪ್ಪಾಳೆ ಹೊಡೆದವರ ಪೈಕಿ. ಈಗ ಮತ್ತೆ ನೋಡಿದರೆ ಕಾರ್ಲ್‌ಸನ್ ಪ್ರಶ್ನೆಯಲ್ಲೂ ಸ್ವಲ್ಪ ಸತ್ಯವಿತ್ತು ಎನಿಸುತ್ತದೆ. ಚುನಾವಣೆಗೆ ನಿಂತ ಅಭ್ಯರ್ಥಿ ನಿಮ್ಮೆದುರು ಕುಳಿತಿದ್ದಾಗ ನಿಮ್ಮ ಮೈದಾನ ಯಾವುದಾದರೇನು? ನಾನು ಬರೀ ವಿದೂಷಕ ಎನ್ನುವುದು ಬೇಕಾದಾಗ ತೆರೆದು ಬೇಡವಾದಾಗ ಮಡಚಿಡುವ ಕೊಡೆ. ಈ ಕಸುಬಿನವರೆಲ್ಲ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ.

ಕ್ಷೌರದ ಅಂಗಡಿಗೆ ಹೋಲಿಸಿ ಹೇಳುವುದಾದರೆ, ಕತ್ತಿ ಹಿಡಿದವರು ಎಷ್ಟು ಹೆದರಿಸಿದರೂ ಕೊನೆಗೆ ಗಿರಾಕಿಗೆ ಪೌಡರ್ ಹಚ್ಚಿ, ಕನ್ನಡಿ ತೋರಿಸಿ ಕಳಿಸುವುದೇ ಹೆಚ್ಚು. ರಾಜಕಾರಣಿಗಳಿಗೆ ಇದು ಬಹಳ ಹಿಂದೆಯೇ ಗೊತ್ತಾಗಿತ್ತು. 1968ರಲ್ಲಿ ಮುಖ ಗಂಟಿಕ್ಕಿಕೊಂಡೇ ಇರುವ ರಿಚರ್ಡ್ ನಿಕ್ಸನ್ ‘ಲಾಫ್-ಇನ್’ ಎಂಬ ಹುಚ್ಚಾಟದ ಕಾರ್ಯಕ್ರಮದಲ್ಲಿ ಕೆಲವೇ ಸೆಕೆಂಡು ಕಾಣಿಸಿಕೊಂಡು ಅದರ ಜನಪ್ರಿಯ ಸಾಲೊಂದನ್ನು ಪ್ರಶ್ನೆಯ ರಾಗದಲ್ಲಿ ಹೇಳಿ ಹೋದರು. ಎದುರಾಳಿ ಹಂಫ್ರಿ ಅವರನ್ನೂ ಕರೆದಿದ್ದರು, ಹೋಗಲಿಲ್ಲ. ಗೆದ್ದದ್ದು ನಿಕ್ಸನ್. ಆ ಕೆಲವು ಸೆಕೆಂಡಿನಿಂದಲೇ ಗೆದ್ದರೆನ್ನುವುದು ಮೂರ್ಖತನ, ಆದರೆ ಆಮೇಲೆ ಯಾವ ಅಭ್ಯರ್ಥಿಯೂ ಹಾಸ್ಯದ ಕಾರ್ಯಕ್ರಮವನ್ನು ಲಘುವಾಗಿ ಕಾಣಲಿಲ್ಲ.

ಹಂದಿಕೊಬ್ಬಿನ ಡಬ್ಬ ಇಟ್ಟ ಬಿಬಿಸಿ ಕಾರ್ಯಕ್ರಮಕ್ಕೇ ಮರಳೋಣ. 1998ರಲ್ಲಿ ಅಲ್ಲಿಗೆ ತಲೆ ಬಾಚದ ಪತ್ರಕರ್ತರೊಬ್ಬರು ಬಂದರು, ಬೋರಿಸ್ ಜಾನ್ಸನ್. ಇನ್ನೊಬ್ಬ ಪತ್ರಕರ್ತನನ್ನು ಹೊಡೆಸಬೇಕು, ವಿಳಾಸ ಹುಡುಕಿಕೊಡು ಎಂದು ಗೆಳೆಯನೊಬ್ಬ ಜಾನ್ಸನ್‌ಗೆ ಹಿಂದೆ ಮಾಡಿದ್ದ ಫೋನ್ ಕರೆಯ ವಿಷಯವನ್ನು ತಂಡದ ನಾಯಕ ಇಯಾನ್ ಹಿಸ್ಲಾಪ್ ಎತ್ತಿ ಚೆನ್ನಾಗಿಯೇ ಬೆವರಿಳಿಸಿದರು. ಜಾನ್ಸನ್ ತಡವರಿಸಿದರು, ತೊದಲಿದರು. ಜನ ನಕ್ಕರು. ಆದರೆ ಆ ನಗು ಕೊಯ್ಯುವುದರ ಬದಲು ಮುದ್ದಿಸಿತು. ಪ್ರಶ್ನೆ ಮರೆಯಿತು, ತೊದಲು ಉಳಿಯಿತು. ಮತ್ತೆ ಮತ್ತೆ ಕರೆದರು; ಡೇಟನ್ ಕೆಲಸ ಕಳೆದುಕೊಂಡ ಮೇಲೆ ವಾರಕ್ಕೊಬ್ಬರು ನಿರೂಪಕರಾದಾಗ ಜಾನ್ಸನ್ ಆ ಕುರ್ಚಿಯಲ್ಲೂ ಕುಳಿತರು, ಅದಕ್ಕೆ ಬಾಫ್ಟಾ ನಾಮನಿರ್ದೇಶನವೂ ಬಂತು. 2008ಕ್ಕೆ ಲಂಡನ್ ಮೇಯರ್, 2019ಕ್ಕೆ ಪ್ರಧಾನಿ. ಅವರನ್ನು ಬೆಳೆಸಿದ್ದು ನೀವೇ ಅಲ್ಲವೇ ಎಂದು ಆ ಕಾರ್ಯಕ್ರಮದವರನ್ನು ಈಗಲೂ ಕೇಳುವವರಿದ್ದಾರೆ. ಡಬ್ಬ ಇಟ್ಟಿದ್ದರೆ ವಾಸಿಯಿತ್ತೇನೋ.

ಇಂಥ ಪೌಡರಿನ ವಾಸನೆ ಮಾಹೆರ್ ಮೇಲೂ ಬಂತು. 2025ರ ಮಾರ್ಚ್ ಕೊನೆಯಲ್ಲಿ ಅವರೇ ಶ್ವೇತಭವನಕ್ಕೆ ಊಟಕ್ಕೆ ಹೋದರು, ಟ್ರಂಪ್ ಅವರ ಅತಿಥಿಯಾಗಿ. ಟ್ರಂಪ್ ತನಗೆ ಅಲ್ಲಿಯವರೆಗೆ ಇಟ್ಟ ಅಡ್ಡಹೆಸರು, ಬೈಗುಳಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಜೊತೆಗೆ ಒಯ್ದಿದ್ದರಂತೆ. ಅದರ ಮೇಲೆ ಅಧ್ಯಕ್ಷರು ನಗುನಗುತ್ತಾ ಸಹಿ ಹಾಕಿಕೊಟ್ಟರಂತೆ. ಎದುರುಬದುರು ಕುಳಿತರೆ ಮನುಷ್ಯ ಬೇರೆಯೇ ಎಂದು ಮಾಹೆರ್ ಬಂದು ಹೇಳಿಕೊಂಡರು. ಹಾಸ್ಯ ಬರಹಗಾರ ಲ್ಯಾರಿ ಡೇವಿಡ್ ಕೆಲವೇ ದಿನಗಳಲ್ಲಿ, ಹಿಟ್ಲರ್ ಜೊತೆ ಊಟ ಮಾಡಿ ಮೆಚ್ಚಿ ಬಂದವನ ಧಾಟಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಒಂದು ವಿಡಂಬನೆ ಬರೆದರು. ಮಾಹೆರ್ ಹೆಸರು ಅದರಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆದರೂ ಮಾಹೆರ್ ಬಗ್ಗೆ ನನಗೆ ಒಂದಿಷ್ಟು ಗೌರವ ಉಳಿದಿರುವುದು 2017ರ ಜೂನ್ ತಿಂಗಳಿನ ಒಂದು ಕಂತಿನಿಂದ. ಹಿಂದಿನ ವಾರ ಸೆನೆಟರ್ ಒಬ್ಬರ ಜೊತೆ ಮಾತಾಡುತ್ತಾ ಕರಿಯರನ್ನು ಹೀಗಳೆಯುವ ಪದವೊಂದನ್ನು ತಮಾಷೆಗೆಂದು ಬಳಸಿ ಎಡವಟ್ಟು ಮಾಡಿಕೊಂಡಿದ್ದರು. ಮರುವಾರ ರ‍್ಯಾಪ್ ಹಾಡುಗಾರ ಐಸ್ ಕ್ಯೂಬ್ ಬಂದರು. ಆ ಪದ ನಿಮ್ಮದಲ್ಲ, ಅದನ್ನು ನಾವು ನಿಮಗೆ ವಾಪಸು ಕೊಡುವುದೂ ಇಲ್ಲ ಎಂಬರ್ಥದಲ್ಲಿ, ದನಿ ಏರಿಸದೆ, ಮುಖ ನೋಡಿ ಹೇಳಿದರು. ಮಾಹೆರ್ ತಮ್ಮದೇ ಮೇಜಿನಲ್ಲಿ, ತಮ್ಮದೇ ಪ್ರೇಕ್ಷಕರ ಮುಂದೆ ಕುಳಿತು ಕೇಳಿಸಿಕೊಂಡರು. ನಡುನಡುವೆ ಜಾರಿಕೊಳ್ಳಲು ನೋಡಿದರೂ ಎದ್ದುಹೋಗಲಿಲ್ಲ. ಆ ವಾರ ಐಸ್ ಕ್ಯೂಬ್ ವಾಲಿಯ ಪಾಲಿನ ಪ್ರಶ್ನೆ ಕೇಳಿದರು, ಚಪ್ಪಾಳೆಯೂ ಅವರಿಗೇ ಬಿತ್ತು.

ಬೆಲೆ ತೆರುವ ಮಾತು ಬಂದರೆ ಅಮೆರಿಕದವರದ್ದು ಏನೂ ಅಲ್ಲ. ಈಜಿಪ್ಟಿನ ಬಾಸಿಂ ಯೂಸೆಫ್ ಹೃದಯ ಶಸ್ತ್ರಚಿಕಿತ್ಸಕರಾಗಿದ್ದವರು. 2011ರ ಕ್ರಾಂತಿಯ ದಿನಗಳಲ್ಲಿ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕ್ಯಾಮೆರಾ ಇಟ್ಟು ಯೂಟ್ಯೂಬಿಗೆ ಹಾಕಿದ್ದೇ ಟಿವಿ ಕಾರ್ಯಕ್ರಮವಾಗಿ, ‘ಅಲ್ ಬರ್ನಾಮೆಗ್’ ಹೆಸರಲ್ಲಿ ಇಡೀ ಅರಬ್ ಜಗತ್ತನ್ನು ಹಿಡಿದು ಕೂರಿಸಿತು. ಅಧ್ಯಕ್ಷ ಮೊರ್ಸಿ ಪಾಕಿಸ್ತಾನದಲ್ಲಿ ಗೌರವ ಡಾಕ್ಟರೇಟ್ ಪಡೆದಾಗ ಧರಿಸಿದ್ದ ಟೋಪಿಯನ್ನು ಅಣಕಿಸಲು ಬಾಸಿಂ ಕೊಡದಷ್ಟು ದೊಡ್ಡದೊಂದು ಟೋಪಿ ಮಾಡಿಸಿ ತಲೆಗಿಟ್ಟುಕೊಂಡರು. ಅಧ್ಯಕ್ಷರ ಅವಮಾನ, ಧರ್ಮದ ಅವಮಾನ ಎಂದು ದೂರು ದಾಖಲಾಯಿತು. 2013ರ ಮಾರ್ಚ್ 31ರಂದು ವಿಚಾರಣೆಗೆ ಕರೆದಾಗ ಅದೇ ಟೋಪಿ ಹಾಕಿಕೊಂಡು ಹೋದರು. ಹದಿನೈದು ಸಾವಿರ ಪೌಂಡ್ ಜಾಮೀನು ಕಟ್ಟಿ ಬಂದರು. ಜೂನ್‌ನಲ್ಲಿ ಜಾನ್ ಸ್ಟುವರ್ಟ್ ಕೈರೋಗೆ ಅತಿಥಿಯಾಗಿ ಬಂದಾಗ, ಸಿಕ್ಕಿಬಿದ್ದ ಗೂಢಚಾರನೆಂಬಂತೆ ಮುಖಕ್ಕೆ ಕರಿ ಮುಸುಕು ಹಾಕಿ ವೇದಿಕೆಗೆ ಕರೆತಂದರು. ಜುಲೈ 3ಕ್ಕೆ ಸೈನ್ಯ ಮೊರ್ಸಿಯನ್ನು ಇಳಿಸಿತು. ಮೊರ್ಸಿಯನ್ನು ಅಣಕಿಸಿದಾಗ ನಕ್ಕವರು, ಸೈನ್ಯದ ಭಜನೆಯನ್ನು ಅಣಕಿಸಿದಾಗ ನಗಲಿಲ್ಲ. ಹೊಸ ಸರಣಿಯ ಒಂದು ಕಂತು ಪ್ರಸಾರವಾದದ್ದೇ, ನವೆಂಬರ್ 1ಕ್ಕೆ ಚಾನೆಲ್ ಕಾರ್ಯಕ್ರಮಕ್ಕೆ ಬಾಗಿಲು ಹಾಕಿತು. ಇನ್ನೊಂದು ಚಾನೆಲ್ಲಿನಲ್ಲಿ ಕೆಲವು ತಿಂಗಳು ಉಸಿರಾಡಿ 2014ರ ಜೂನ್‌ನಲ್ಲಿ ಅದೂ ನಿಂತಿತು.

ನಮ್ಮ ದೇಶದಲ್ಲಿ ಅಣಕಕ್ಕೇನೂ ಬರವಿರಲಿಲ್ಲ. ಜಸ್ಪಾಲ್ ಭಟ್ಟಿಯವರ ‘ಫ್ಲಾಪ್ ಶೋ’ 1989ರಲ್ಲಿ ದೂರದರ್ಶನದಲ್ಲೇ ಬಂತು. 1997ರಿಂದ ಶೇಖರ್ ಸುಮನ್ ಸೋನಿಯಲ್ಲಿ ವಾಜಪೇಯಿ, ಲಾಲೂ ದನಿ ತೆಗೆಯುತ್ತಿದ್ದರು. ಸೈರಸ್ ಬ್ರೋಚಾ ವಾರದ ಸುದ್ದಿಯನ್ನು ಹರಿದು ತೋರಣ ಕಟ್ಟುತ್ತಿದ್ದರು. ಆದರೆ ಅಣಕಿಸಿದವರು ಮತ್ತು ಅಣಕಿಸಿಕೊಂಡವರು ಒಂದೇ ಮೇಜಿಗೆ ಬಂದದ್ದು ಕಡಿಮೆ. 2017ರಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ ‘ಶಟ್ ಅಪ್ ಯಾ ಕುನಾಲ್’ ಎಂಬ ಸಂದರ್ಶನ ಕಾರ್ಯಕ್ರಮ ತೆಗೆದಾಗ ಮೊದಲ ಅತಿಥಿ ಬಿಜೆಪಿ ಯುವಮೋರ್ಚಾದ ಪದಾಧಿಕಾರಿ. ಮಾತಿನ ನಡುವೆ ಸಿನಿಮಾ ತುಣುಕು, ಸುದ್ದಿ ತುಣುಕು ಸಿಕ್ಕಿಸಿದ್ದರೂ ಅತಿಥಿ ತನ್ನ ಪಾಲಿನದನ್ನು ಹೇಳಿಯೇ ಎದ್ದರು. ಆಮೇಲೆ ವಿದ್ಯಾರ್ಥಿ ನಾಯಕರಾಗಿದ್ದ ಕನ್ಹಯ್ಯ ಕುಮಾರ್, ಉಮರ್ ಖಾಲಿದ್, ಪತ್ರಕರ್ತ ರವೀಶ್ ಕುಮಾರ್ ಬಂದರು. ಆಳುವ ಪಕ್ಷದವರು ಆ ಕುರ್ಚಿಯತ್ತ ಸುಳಿಯುವುದು ಕಡಿಮೆಯಾಯಿತು. ಅತಿಥಿ, ಆತಿಥೇಯ, ನೋಡುಗ ಮೂವರೂ ತಲೆದೂಗುವ ಕಡೆ ವಾದಕ್ಕೇನು ಕೆಲಸ? ತಪ್ಪು ಕಾಮ್ರಾ ಒಬ್ಬರದ್ದೇ ಎನ್ನಲಾರೆ. 2025ರ ಮಾರ್ಚ್‌ನಲ್ಲಿ ಶಿವಸೇನೆಯ ನಾಯಕ ಏಕನಾಥ ಶಿಂದೆ ಮೇಲೆ ಕಾಮ್ರಾ ಕಟ್ಟಿದ ಅಣಕಕ್ಕೆ ಉತ್ತರವಾಗಿ ಬಂದವರು ಕುರ್ಚಿ ಎಳೆದುಕೊಂಡು ಕೂರಲಿಲ್ಲ. ಮುಂಬೈಯ ಆ ಸ್ಟುಡಿಯೋದ ಕುರ್ಚಿಗಳನ್ನೇ ಮುರಿದರು. ನಮ್ಮ ಬೆಂಗಳೂರಿನಲ್ಲೂ 2021ರ ನವೆಂಬರ್‌ನಲ್ಲಿ ಹಾಸ್ಯಗಾರ ಮುನವರ್ ಫಾರೂಕಿ ಕಾರ್ಯಕ್ರಮ ಆರಂಭವಾಗುವ ಮೊದಲೇ ಶಾಂತಿ ಸುವ್ಯವಸ್ಥೆಯ ಹೆಸರಿನಲ್ಲಿ ರದ್ದಾಯಿತು.

ಇದೇ ಊರಿನಲ್ಲಿ ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’, ‘ಭ್ರಷ್ಟಾಚಾರ’ ಆಡಿದ್ದರು ಎಂಬುದನ್ನು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ನಾಟಕದ ಕತೆ ಒಂದು ನೆಪ. ಬೆಳಗಿನ ಪತ್ರಿಕೆಯಲ್ಲಿ ಬಂದದ್ದು ಸಂಜೆ ಅವರ ಬಾಯಲ್ಲಿ ಇರುತ್ತಿತ್ತು. ಹಾಲಿ ಮಂತ್ರಿ ಮಾಜಿ ಮಂತ್ರಿ ಎಂಬ ಭೇದವಿಲ್ಲ. ಜನ ಅದೇ ನಾಟಕಕ್ಕೆ ಮೂರನೇ ಸಲ, ನಾಲ್ಕನೇ ಸಲ ಟಿಕೆಟ್ ತೆಗೆಯುತ್ತಿದ್ದದ್ದು ಇವತ್ತು ಏನು ಸೇರಿಸಿದ್ದಾರೆ ಎಂದು ಕೇಳುವುದಕ್ಕೆ. ಎದುರು ಕುರ್ಚಿ ವೇದಿಕೆಯ ಮೇಲಿರಲಿಲ್ಲ, ಸಭಾಂಗಣದಲ್ಲಿತ್ತು.

ಈಗ ಸಂಜೆಯಾದರೆ ಕನ್ನಡದ ಸುದ್ದಿ ಚಾನೆಲ್ಲುಗಳಲ್ಲಿ ಎಂಟು ಕಿಟಕಿ ತೆರೆದುಕೊಳ್ಳುತ್ತವೆ, ಎಂಟರಲ್ಲೂ ಒಟ್ಟಿಗೆ ಬಾಯಿ ಆಡುತ್ತಿರುತ್ತದೆ. ಅಲ್ಲಿ ಕೈಕೊಡುವ ಅತಿಥಿಯೇ ಇಲ್ಲ. ಕೈಕೊಟ್ಟರೂ ಗೊತ್ತಾಗುವುದಿಲ್ಲ. ಒಂದು ಕಿಟಕಿಯಲ್ಲಿ ಡಾಲ್ಡಾ ಡಬ್ಬ ಇಟ್ಟರೆ ಅದೊಂದೇ ಸಭ್ಯವಾಗಿ ಕುಳಿತಂತೆ ಕಂಡೀತು.

ಈ ಎಲ್ಲ ಕುರ್ಚಿಗಳಲ್ಲಿ ನಾನು ಮರೆಯಲಾರದವು 2010ರ ಡಿಸೆಂಬರ್ 16ರವು. ಸೆಪ್ಟೆಂಬರ್ 11ರ ಧೂಳು, ಹೊಗೆ ಕುಡಿದು ಕಾಯಿಲೆ ಬಿದ್ದ ರಕ್ಷಣಾ ಸಿಬ್ಬಂದಿಯ ಚಿಕಿತ್ಸೆಯ ಮಸೂದೆ ಸೆನೆಟ್‌ನಲ್ಲಿ ಸಿಕ್ಕಿಕೊಂಡಿತ್ತು. ಸುದ್ದಿ ಚಾನೆಲ್ಲುಗಳು ಹೆಚ್ಚುಕಡಿಮೆ ಅದನ್ನು ಮರೆತಿದ್ದವು. ಅಂದು ಸ್ಟುವರ್ಟ್ ತಮ್ಮ ‘ಡೈಲಿ ಶೋ’ದಲ್ಲಿ ಚರ್ಚೆಗೆ ಕರೆದದ್ದು ಸಂಸದರನ್ನಲ್ಲ, ಅಂಥ ನಾಲ್ವರು ಸಿಬ್ಬಂದಿಯನ್ನು. ಸೆನೆಟರುಗಳ ಮಾತಿನ ತುಣುಕು ತೋರಿಸಿ, ಇದಕ್ಕೇನು ಹೇಳುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿದರು. ನಾಲ್ವರಲ್ಲಿ ಯಾರೂ ಚಟಾಕಿ ಹಾರಿಸುವವರಲ್ಲ. 22ಕ್ಕೆ ಮಸೂದೆ ಪಾಸಾಯಿತು.

ಅದರ ನಿಧಿ ಬರಿದಾಗುತ್ತಾ ಬಂದಾಗ, 2019ರ ಜೂನ್ 11ರಂದು, ಸ್ಟುವರ್ಟ್ ಸಂಸತ್ತಿನ ಉಪಸಮಿತಿಯ ಮುಂದೆ ಹೇಳಿಕೆ ಕೊಡಲು ಹೋದರು. ಆಗ ಅವರಿಗೆ ಕಾರ್ಯಕ್ರಮವಿರಲಿಲ್ಲ. ಪಕ್ಕದಲ್ಲಿ ನಿವೃತ್ತ ಪೊಲೀಸ್ ಪತ್ತೇದಾರ ಲೂಯಿಸ್ ಅಲ್ವಾರೆಜ್ ಕುಳಿತಿದ್ದರು. ಮಾರನೇ ದಿನ ಅವರಿಗೆ 69ನೇ ಸುತ್ತಿನ ಕಿಮೋಥೆರಪಿ ಇತ್ತು. ಹಿಂದೆ ಕೋಣೆ ತುಂಬ ಕಾಯಿಲೆಯವರು, ಸತ್ತವರ ಮನೆಯವರು. ಮುಂದೆ ಎತ್ತರದ ಪೀಠದಲ್ಲಿ ಸಂಸದರಿಗೆಂದು ಹಾಕಿದ್ದ ಚರ್ಮದ ಕುರ್ಚಿಗಳಲ್ಲಿ ಹಲವು ಖಾಲಿ. ಸ್ಟುವರ್ಟ್ ಕಣ್ಣೊರೆಸಿಕೊಂಡು ಆ ಖಾಲಿ ಜಾಗಗಳನ್ನೇ ತೋರಿಸಿ ಮಾತಾಡಿದರು. ಜುಲೈ ಮುಗಿಯುವುದರೊಳಗೆ ಕಾನೂನಿಗೆ ಸಹಿ ಬಿತ್ತು. ಅಲ್ವಾರೆಜ್ ಅದನ್ನು ನೋಡಲಿಲ್ಲ, ಜೂನ್ 29ಕ್ಕೇ ಹೋಗಿಬಿಟ್ಟಿದ್ದರು. ಟಿವಿ ಸ್ಟುಡಿಯೋ ಆಗಿದ್ದರೆ ಆ ಕುರ್ಚಿಗಳ ಮುಂದೆ ಒಂದೊಂದು ಡಬ್ಬ ಇಡಬಹುದಿತ್ತು. ಅದು ಸಂಸತ್ತು.